ಸುರಂಗದ ಆಟಕ್ಕೆ ಇಂಜಿನ್ ಹುಡುಕಿದ ಬಗೆ

ಗೇಮ್ ಇಂಜಿನ್ (ಆಟ ಕಟ್ಟುವ ತಂತ್ರಾಂಶ) ಆರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಹೋಲಿಕೆಯ ಪಟ್ಟಿಗಳನ್ನು. ನಾನು ಅವುಗಳನ್ನು ಬದಿಗಿಟ್ಟು, ನನ್ನ ಆಟದಲ್ಲಿ ಕೈಕೊಡಬಹುದಾದ ಎರಡೇ ಸಂಗತಿಗಳನ್ನು ಹಿಡಿದುಕೊಂಡು ಪರೀಕ್ಷಿಸಿದೆ.

ಆಟ ಇಷ್ಟೇ: ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿರುವಂಥ ನೀರಿನ ಸುರಂಗ ತೋಡಬೇಕು. ಮುರಕಲ್ಲನ್ನು ಅಡ್ಡಲಾಗಿ ಕೊರೆಯುತ್ತಾ ಹೋಗಿ ಒರತೆ ಮುಟ್ಟಿದರೆ ಗೆದ್ದಂತೆ. ಒಳಗೆಲ್ಲ ಕತ್ತಲೆ, ಕೈಯಲ್ಲೊಂದು ಮೇಣದಬತ್ತಿ. ಗಾಳಿ ಸಾಲದಾದಾಗ ಬತ್ತಿ ಮಂಕಾಗುತ್ತದೆ, ಕೂಡಲೇ ಹೊರಬರಬೇಕು. ಮಾತುಗಳು ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು. ಕಾಸರಗೋಡಿನಲ್ಲಿ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಒಬ್ಬರದು ಕನ್ನಡ ಮಾಧ್ಯಮ, ಇನ್ನೊಬ್ಬರದು ಮಲಯಾಳ. ಹೀಗಾಗಿ ನನ್ನ ಪರೀಕ್ಷೆ ಎರಡು ಲಿಪಿಗಳದ್ದು ಮತ್ತು ಹಳೆಯ ಫೋನಿನಲ್ಲಿ ಅಲುಗಾಡುವ ಬೆಳಕಿನದ್ದು.

ಬೆಂಗಳೂರಿನಲ್ಲಿ ಯುನಿಟಿ ಎಂಬ ಇಂಜಿನ್ ಬಳಸಿಯೇ ಕೆಲಸ ಮಾಡುವ ನನ್ನ ಭಾವ, "ಯುನಿಟಿ ಕಲಿ, ನಾಳೆ ನೌಕರಿಗೂ ಆದೀತು" ಎಂದರು. "ಮೊದಲು ಅಕ್ಷರ ನೋಡೋಣ ಭಾವ" ಎಂದೆ. ಪರೀಕ್ಷೆಗೆ ಇಟ್ಟ ವಾಕ್ಯ: "ಕತ್ತಲೆಯಲ್ಲಿ ಬತ್ತಿ ಮಂಕಾಗುತ್ತಿದೆ." ಯುನಿಟಿಯಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಲಿಪಿಗಳ ಅಕ್ಷರಜೋಡಣೆಯನ್ನು ತಾನಾಗಿ ಮಾಡುವುದಿಲ್ಲ. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಮಲಯಾಳದಲ್ಲಿ ಅಕ್ಷರದ ಎಡಕ್ಕೆ ಬರಬೇಕಾದ ಎಕಾರದ ಚಿಹ್ನೆ ಬಲಕ್ಕೆ ಉಳಿಯುತ್ತದೆ. ಪ್ಲಗಿನ್ ಹಾಕಿ ಸರಿಪಡಿಸಬಹುದು, ಆದರೆ ಇಡೀ ಆಟವೇ ಮಾತಿನ ಮೇಲೆ ನಿಂತಿರುವಾಗ ಬುನಾದಿಗೇ ತೇಪೆ ಹಾಕುವುದು ನನಗೆ ಒಗ್ಗಲಿಲ್ಲ.

ಅನ್‌ರಿಯಲ್ ಎಂಬ ಇನ್ನೊಂದು ಇಂಜಿನ್ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ಹತ್ತಾರು ಜಿಬಿ ಇಳಿಸಿಕೊಂಡು ಪುಟ್ಟ 2ಡಿ ಆಟ ಕಟ್ಟುವುದು ಇರುವೆ ಹೊಡೆಯಲು ಒನಕೆ ಎತ್ತಿದಂತೆ.

ಮೂರನೆಯ ಇಂಜಿನ್ ಗೋಡೊ, 2023ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ತಂತ್ರಾಂಶ ಬಳಸಿ ಅಕ್ಷರ ಜೋಡಿಸುತ್ತದೆ. 3ನೇ ಆವೃತ್ತಿಯಲ್ಲಿ ಅದಿರಲಿಲ್ಲ, ಆದ್ದರಿಂದ ಹಳೆಯ ಪಾಠಗಳನ್ನು ನೋಡಿ ನಿರಾಶರಾಗಬೇಡಿ. ನೋಟೊ ಸಾನ್ಸ್ ಕನ್ನಡವನ್ನು ಮುಖ್ಯ ಫಾಂಟ್ ಆಗಿಟ್ಟು, ಅದರ ಫಾಲ್‌ಬ್ಯಾಕ್ (ಬದಲಿ ಫಾಂಟ್) ಜಾಗದಲ್ಲಿ ನೋಟೊ ಸಾನ್ಸ್ ಮಲಯಾಳಂ ಸೇರಿಸಿದರೆ ಎರಡೂ ಲಿಪಿ ಒಂದೇ ಸಾಲಿನಲ್ಲಿ ಬರುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಮಾತು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದಾಗ 'ತ್' ಮೊದಲು ಬಂದು, ಮರುಕ್ಷಣ 'ತ್ತ' ಆಗಿ ರೂಪ ಬದಲಿಸುತ್ತದೆ. ಓದುವ ಕಣ್ಣಿಗೆ ಅಕ್ಷರ ನಡುಗಿದಂತೆ ಕಾಣುತ್ತದೆ. ಲೇಬಲ್‌ನ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಎಂಬಲ್ಲಿ, ಜೋಡಣೆಯಾದ ಮೇಲೆ ತೋರಿಸುವ ಆಯ್ಕೆಗೆ ಬದಲಿಸಿದರೆ ನಡುಕ ನಿಲ್ಲುತ್ತದೆ.

ಬೆಳಕಿನ ಕೆಲಸ ಸಲೀಸು. ಕ್ಯಾನ್ವಾಸ್ ಮಾಡ್ಯುಲೇಟ್‌ನಿಂದ ಪರದೆಯನ್ನು ಕಪ್ಪಾಗಿಸಿ, ಬತ್ತಿಗೆ ಒಂದು ಪಾಯಿಂಟ್‌ಲೈಟ್ ಕೊಟ್ಟೆ; ಗಾಳಿ ಇಳಿದಂತೆ ಅದರ ಎನರ್ಜಿಯನ್ನು (ಪ್ರಖರತೆಯನ್ನು) ತಗ್ಗಿಸಿದರಾಯಿತು. ಟೈಲ್‌ಗಳಿಗೆ ಅಕ್ಲೂಷನ್ (ಬೆಳಕು ತಡೆಯುವ ಆಕಾರ) ಬರೆದಿಟ್ಟರೆ, ಕಲ್ಲು ಕಿತ್ತ ಕೂಡಲೇ ಅದರ ನೆರಳೂ ಹೋಗಿ ಬೆಳಕು ಮುಂದಕ್ಕೆ ಹರಿಯುತ್ತದೆ. ಅತ್ತೆಯ ಹಳೆಯ ಫೋನಿನಲ್ಲಿ ಓಡಿಸಿ ನೋಡಿದ ಮೇಲೆಯೇ ಗೋಡೊ ಎಂದು ತೀರ್ಮಾನಿಸಿದ್ದು.

ದುಡ್ಡಿನ ವಿಚಾರ ಕೊನೆಗೆ ಬಂತು. 2023ರ ಸೆಪ್ಟೆಂಬರಿನಲ್ಲಿ ಯುನಿಟಿ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಘೋಷಿಸಿದಾಗ ಎಷ್ಟೋ ಮಂದಿ ಗೋಡೊ ಕಡೆ ತಿರುಗಿದರು. ಮರುವರ್ಷ ಯುನಿಟಿ ಅದನ್ನು ಕೈಬಿಟ್ಟಿತು. ಅನ್‌ರಿಯಲ್ 10 ಲಕ್ಷ ಡಾಲರ್ ಆದಾಯ ದಾಟಿದ ಮೇಲೆ ಶೇ. 5 ರಾಯಧನ ಕೇಳುತ್ತದೆ. ಸುರಂಗದ ಆಟಕ್ಕೆ ಅಷ್ಟು ಬಂದರೆ ಸಂತೋಷದಿಂದಲೇ ಕೊಟ್ಟೇನು! ಗೋಡೊದ್ದು ಎಂಐಟಿ ಎಂಬ ಮುಕ್ತ ಪರವಾನಗಿ, ದುಡ್ಡೇನೂ ಕೇಳುವುದಿಲ್ಲ.

ಪ್ಲೇಸ್ಟೇಷನ್, ನಿಂಟೆಂಡೊಗಳಿಗೆ ಆಟ ತರುವ ಆಸೆಯಿದ್ದರೆ ಮಾತ್ರ ಬೇರೆ ಲೆಕ್ಕ. ಗೋಡೊದಿಂದ ಅಲ್ಲಿಗೆ ಹೋಗಲು ಹೊರಗಿನ ಕಂಪನಿಗಳ ನೆರವು ಬೇಕು. ಫೋನಿಗಾದರೆ, ಯೋಜನೆ ತೆರೆಯುವಾಗಲೇ ಕಂಪ್ಯಾಟಿಬಿಲಿಟಿ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಆರಿಸಿಕೊಳ್ಳಿ. ಅದು ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ನಡೆಯುವುದರಿಂದ, ಅದಕ್ಕಿಂತ ಹೊಸದಾದ ವಲ್ಕನ್ ಇಲ್ಲದ ಫೋನುಗಳಲ್ಲೂ ಓಡುತ್ತದೆ. ನಡುವೆ ಬದಲಿಸಿದರೆ ಬೆಳಕು, ಶೇಡರ್‌ಗಳನ್ನೆಲ್ಲ ಮತ್ತೆ ನೋಡಬೇಕಾಗುತ್ತದೆ.