ಮೇಲ್ ವ್ಯಾನಿನಲ್ಲಿ ಕಲಿತ ಅಂಚೆ ಕಾನೂನು

ಆರ್‌ಎಂಎಸ್ (ರೈಲ್ವೆ ಅಂಚೆ ಸೇವೆ) ಸಾರ್ಟರ್, ಅಂದರೆ ಓಡುವ ಗಾಡಿಯಲ್ಲಿ ಕಾಗದ ವಿಂಗಡಿಸುವವನಾಗಿ ಬೆಂಗಳೂರು–ಹುಬ್ಬಳ್ಳಿ ಗಾಡಿ ಹತ್ತಿದಾಗ ನಮ್ಮ ಹೆಡ್ ಸಾರ್ಟರ್ ಹೇಳಿದ್ದು ಇಷ್ಟೇ: 'ರೈಲಿನವರು ಚೀಲ ಎಳೀತಾರೆ. ಅದರೊಳಗೆ ಕೈ ಹಾಕೋ ಹಕ್ಕು ನಮ್ದು ಮಾತ್ರ.' ಕಾನೂನಿನ ಸಾರವೇ ಅದು.

ವಿಂಗಡಿಸುವ ಗೂಡು ತುಂಬುತ್ತಿದ್ದಂತೆ ಕಾಗದಗಳನ್ನು ಒಂದೇ ಮುಖಕ್ಕೆ ಜೋಡಿಸಿ, ಮೇಲೊಂದು ಚೀಟಿ ಇಟ್ಟು ಹುರಿಯಲ್ಲಿ ಬಿಗಿಯುತ್ತಿದ್ದೆವು. ಚೀಟಿ ಮೇಲೆ ನಮ್ಮ ಸಾರ್ಟಿಂಗ್ ತಂಡದ ಮೊಹರು, ತಾರೀಖು, ಕಟ್ಟಿದವನ ಸಹಿ. ಬೀರೂರಿನ ಕಟ್ಟಿನಲ್ಲಿ ಕಡೂರಿನ ಕಾಗದ ಸಿಕ್ಕರೆ ಅದೇ ಚೀಟಿ ಹಿಡಿದು ವಿವರಣೆ ಕೇಳುತ್ತಿದ್ದರು. ಆಮೇಲೆ ಚೀಲದ ಬಾಯಿಗೆ ಅರಗಿನ ಸೀಲು. ಗಾಡಿ ಕುಲುಕುವಾಗ ಕಾದ ಅರಗು ಬೆರಳಿಗೆ ಬೀಳದ ಹಾಗೆ ಸೀಲು ಒತ್ತುವುದೇ ಒಂದು ವಿದ್ಯೆ! ಕಾಗದ ಕದ್ದರೆ, ಬಚ್ಚಿಟ್ಟರೆ, ಎಸೆದರೂ ಸರಿ, 1898ರ ಅಂಚೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೌಕರನಿಗೆ 7 ವರ್ಷದವರೆಗೆ ಜೈಲು ಆಗಬಹುದಿತ್ತು.

ರೈಲಿನವರು ಅಂಚೆ ಚೀಲ ಒಯ್ಯಲೇಬೇಕು ಅನ್ನುವುದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ ಆಗ ರೈಲೆಲ್ಲ ಖಾಸಗಿ ಕಂಪನಿಗಳದ್ದು. ಅಂಚೆ ಒಯ್ಯಲ್ಲ ಅಂದರೆ ಏನು ಮಾಡೋದು? 1838ರಲ್ಲಿ ಪಾರ್ಲಿಮೆಂಟು ಕಾಯ್ದೆ ತಂದು, ಅಂಚೆಯವರು ಹೇಳಿದ ಹೊತ್ತಿಗೆ ಒಯ್ಯಲೇಬೇಕು ಅಂದಿತು. ಬಾಡಿಗೆಗೆ ಜಗಳ ಬಂದರೆ ಮಧ್ಯಸ್ಥರ ತೀರ್ಮಾನಕ್ಕೆ ಬಿಡಬೇಕಿತ್ತು. ನಮ್ಮಲ್ಲಿ ಓಡುವ ಗಾಡಿಯಲ್ಲಿ ಸಾರ್ಟಿಂಗ್ ಶುರುವಾಗಿದ್ದು 1863ರಲ್ಲಿ, ಅಲಹಾಬಾದ್–ಕಾನ್ಪುರ ನಡುವೆ.

ನನಗೆ ಜಾಸ್ತಿ ತಲೆನೋವು ತಂದಿದ್ದು ಅದೇ 1898ರ ಕಾಯ್ದೆಯ 4 ಮತ್ತು 5ನೇ ಸೆಕ್ಷನ್. ಕಾಗದ ಸಾಗಿಸುವ ಹಕ್ಕು ಆಗ ಸರ್ಕಾರದ್ದು ಮಾತ್ರ ಆಗಿತ್ತು. ಬಾಡಿಗೆಗೆ ಜನ, ಸರಕು ಸಾಗಿಸೋರು ಕಾಗದ ಒಯ್ಯೋ ಹಾಗಿರಲಿಲ್ಲ. ತಿಪಟೂರಿನ ಕೊಬ್ಬರಿ ಮೂಟೆ ಜೊತೆ ಆ ಕೊಬ್ಬರಿ ಬಗ್ಗೆಯೇ ಬರೆದ ಚೀಟಿ ಹೋಗಬಹುದಿತ್ತು, ಅದಕ್ಕೆ ಬೇರೆ ಕಾಸು ಕೇಳದಿದ್ದರೆ. ಅದೇ ಚೀಟಿಯಲ್ಲಿ ಮಗಳ ಮದುವೆ ವಿಷಯ ಸೇರಿತೋ, ಸ್ಟಾಂಪು ಹಚ್ಚಬೇಕಿತ್ತು. ಪರಿಚಯದವರು ಪ್ಲಾಟ್‌ಫಾರ್ಮಿನಲ್ಲಿ ಲಕೋಟೆ ಚಾಚಿ, 'ಅಣ್ಣಾ, ಇದೊಂದು ದಾವಣಗೆರೆಗೆ ಕೊಟ್ಬಿಡಿ' ಅನ್ನುತ್ತಿದ್ದರು. ವ್ಯಾನಿನ ಪೆಟ್ಟಿಗೆ ತೋರಿಸಿ, ಸ್ಟಾಂಪ್ ಜೊತೆ ತಡವಾಗಿ ಹಾಕೋದಕ್ಕೆ ಲೇಟ್ ಫೀ ಸ್ಟಾಂಪೂ ಹಚ್ಚಿ ಹಾಕಿ ಅನ್ನುತ್ತಿದ್ದೆ. ಕೆಲವರು ಮುನಿಸಿಕೊಂಡಿದ್ದೂ ಉಂಟು.

2023ರ ಹೊಸ ಅಂಚೆ ಕಾಯ್ದೆ 2024ರ ಜೂನ್ 18ರಂದು ಜಾರಿಗೆ ಬಂತು. ಕಾಗದ ಸಾಗಿಸುವ ಏಕಹಕ್ಕು ಅದರಲ್ಲಿಲ್ಲ, ಅಂಚೆ ಚೀಟಿ ಹೊರಡಿಸುವ ಹಕ್ಕು ಉಳಿದಿದೆ. ಕೊರಿಯರ್‌ಗಳು ಊರೂರಿಗೂ ಬಂದಾದ ಮೇಲೆ ಆ ಏಕಹಕ್ಕು ಹೆಸರಿಗಷ್ಟೇ ಇತ್ತು, ತೆಗೆದಿದ್ದೇ ಸರಿ ಅನ್ನಿಸುತ್ತದೆ.