ಇಂಗಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಗೋಧಿ

ನನಗಿರುವುದು ಇಯೋಸಿನೋಫಿಲಿಕ್ ಈಸೊಫಜೈಟಿಸ್: ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಅನ್ನನಾಳದಲ್ಲಿ ತುಂಬಿಕೊಂಡು ತುತ್ತು ಇಳಿಯದಂತೆ ಮಾಡುವ, ಅಲರ್ಜಿ ಥರದ ಕಾಯಿಲೆ. ಹೋದ ತಿಂಗಳು ಅನ್ನನಾಳದ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಆ ಕಣಗಳ ಕೌಂಟ್ 3 ಬಂತು. ಮೂರು ವರ್ಷದ ಹಿಂದೆ 60ರ ಹತ್ತಿರ ಇತ್ತು. ಈಗ ಮಾತ್ರೆ ಇಲ್ಲ, ಸ್ಟಿರಾಯ್ಡ್ ಇಲ್ಲ. ‘ಊಟ ಬದಲಾಯಿಸಿದರೆ ಕಾಯಿಲೆ ಹೋಗುತ್ತಾ?’ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದಿದ್ದು.

ಸಕಲೇಶಪುರದ ಕಡೆ ನಾಲ್ಕು ಎಕರೆ ರೊಬಸ್ಟಾ ನನ್ನದು. ಅಪ್ಪನಿಗೆ ಶುಗರ್ ಬಂದ ಮೇಲೆ ಮನೆಯಲ್ಲಿ ರಾತ್ರಿ ಅನ್ನ ಹೋಗಿ ಚಪಾತಿ ಬಂತು. ವರ್ಷ ತುಂಬುವುದರೊಳಗೆ ನನಗೆ ತುತ್ತು ಎದೆಯಲ್ಲಿ ನಿಲ್ಲಲು ಶುರುವಾಯಿತು. ನೀರು ಕುಡಿದರೆ ಆ ನೀರೂ ವಾಪಸ್.

ಒಂದೂವರೆ ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ. ರಕ್ತದಲ್ಲಿ ಇಯೋಸಿನೋಫಿಲ್ ಜಾಸ್ತಿ ಅಂತ ಎರಡು ಸಲ ಹುಳದ ಮಾತ್ರೆ ಕೊಟ್ಟರು. ಮೊದಲ ಎಂಡೋಸ್ಕೋಪಿಯಲ್ಲಿ ಅನ್ನನಾಳದಿಂದ ಒಂದು ಚೂರೂ ತೆಗೆಯದೆ ‘ನಾರ್ಮಲ್’ ಅಂತ ಬರೆದು ಕಳಿಸಿದರು. ದುಡ್ಡು ಹೋಗಲಿ, ಎಂಟು ತಿಂಗಳು ಹೋಯಿತಲ್ಲ, ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಈಗ ಟೇಬಲ್ ಮೇಲೆ ಮಲಗುವ ಮುಂಚೆಯೇ ಹೇಳುತ್ತೇನೆ: ಮೇಲೂ ಕೆಳಗೂ ಸೇರಿ ಆರು ಚೂರು ಬೇಕು. ಕಣ್ಣಿಗೆ ಚೆನ್ನಾಗಿ ಕಾಣುವ ಅನ್ನನಾಳದಲ್ಲೂ ಕೌಂಟ್ 15, ಅಂದರೆ ಕಾಯಿಲೆಯ ಗೆರೆ, ದಾಟಿರಬಹುದು.

ಬೆಂಗಳೂರಿನಲ್ಲಿ ರೋಗಕ್ಕೆ ಹೆಸರು ಸಿಕ್ಕಿತು. ಹೊಟ್ಟೆಯ ಆಸಿಡ್ ತಗ್ಗಿಸುವ ಪಿಪಿಐ ಮಾತ್ರೆ ಎರಡು ತಿಂಗಳು ತಗೊಂಡೆ, ನನಗೆ ನಾಟಲಿಲ್ಲ. ಆಸ್ತಮಾದವರು ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡ್ ದ್ರವ, ಬುಡೆಸೊನೈಡ್ ರೆಸ್ಪ್ಯೂಲ್, ಜೇನಿನಲ್ಲಿ ಕಲಸಿ ನುಂಗಿದ್ದು ನಾಟಿತು. ನಮ್ಮ ತೋಟದ ತುಡುವೆ ಜೇನು ತೆಳು, ಸರ್ರನೆ ಇಳಿದುಹೋಗುತ್ತೆ, ಔಷಧಿ ಅನ್ನನಾಳಕ್ಕೆ ಅಂಟಿ ನಿಲ್ಲಲು ಅಂಗಡಿಯ ಗಟ್ಟಿ ಜೇನೇ ವಾಸಿ. ಆದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು ಖರ್ಚು, ಬಾಯಲ್ಲಿ ಫಂಗಸ್, ನಿಲ್ಲಿಸಿದ ಮೂರೇ ತಿಂಗಳಿಗೆ ಮತ್ತೆ ತುತ್ತು ನಿಂತಿತು. ಅಮೆರಿಕದಲ್ಲಿ 2022ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ ಡುಪಿಲುಮಾಬ್ ಇಂಜೆಕ್ಷನ್ನಿನ ರೇಟು ವಿಚಾರಿಸಿ ಫೋನ್ ಇಟ್ಟೆ. ನಡುವೆ ಚರ್ಮದ ಅಲರ್ಜಿ ಟೆಸ್ಟಿಗೆ ಆರೇಳು ಸಾವಿರ ಸುರಿದೆ. ಸೀಗಡಿ ಅಂತ ಬಂತು. ನಾಲ್ಕು ತಿಂಗಳು ಮೀನಿನ ಮುಖ ನೋಡಲಿಲ್ಲ, ಕೌಂಟ್ ಕದಲಲಿಲ್ಲ. ನಮ್ಮ ಕಾಯಿಲೆಗೆ ಆ ಟೆಸ್ಟ್ ನಂಬಬೇಡಿ.

ಕೊನೆಗೆ ಈ ಕಾಯಿಲೆಯನ್ನು ಹೆಚ್ಚಾಗಿ ಕೆರಳಿಸುವ ಹಾಲು, ಗೋಧಿ, ಮೊಟ್ಟೆ, ಸೋಯಾ ನಾಲ್ಕನ್ನೂ ಬಿಟ್ಟೆ. ಕಡುಬು, ಅಕ್ಕಿರೊಟ್ಟಿ, ಮುದ್ದೆ ಇರುವ ಊರಿನಲ್ಲಿ ಇದೇನು ದೊಡ್ಡದಲ್ಲ ಅಂದುಕೊಂಡೆ. ಎಂಟು ವಾರದ ಮೇಲೆ ಸ್ಕೋಪ್ (ಎಂಡೋಸ್ಕೋಪಿ): ಕೌಂಟ್ 35. ‘ನಿಮಗೆ ಈ ದಾರಿ ಆಗಲ್ಲ’ ಅಂದರು ಡಾಕ್ಟರು. ಮನೆಯಲ್ಲೂ ಅದೇ ಮಾತು.

ಅದಾಗಿ ವಾರಕ್ಕೆ, ಅಮ್ಮ ಸಾರಿಗೆ ಒಗ್ಗರಣೆ ಹಾಕುವಾಗ ಇಂಗಿನ ಡಬ್ಬಿ ಕೈಗೆ ಬಂತು. ಜಿಡ್ಡು ಹಿಡಿದ ಲೇಬಲ್ಲನ್ನು ಲುಂಗಿಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ಓದಿದೆ. ಮೈದಾ! ದಿನಕ್ಕೆ ಎರಡು ಹೊತ್ತು ಸಾರಿನಲ್ಲಿ, ಮೇಲೆ ಉಪ್ಪಿನಕಾಯಲ್ಲಿ, ಗೋಧಿ ಒಳಗೆ ಹೋಗುತ್ತಲೇ ಇತ್ತು. ಅವತ್ತಿನಿಂದ ನಮ್ಮನೆ ಒಗ್ಗರಣೆಗೆ ಬೆಳ್ಳುಳ್ಳಿ ಮಾತ್ರ. ಮತ್ತೆ ಎಂಟು ವಾರ. ಕೌಂಟ್ 4.

ಆಮೇಲೆ ಒಂದೊಂದೇ ವಾಪಸ್ ತಂದೆ. ಮೊಟ್ಟೆ, ಸೋಯಾ ಒಗ್ಗಿದವು. ಎಲ್ಲರೂ ಬೆರಳು ತೋರಿಸಿದ್ದು ಹಾಲಿನ ಮೇಲೆ, ಅದೂ ಒಗ್ಗಿತು. ಏಳು ತಿಂಗಳ ಮೇಲೆ ಹಾಲು ಹಾಕಿದ ಕಾಫಿ ಕುಡಿದೆ, ನಮ್ಮದೇ ತೋಟದ ಪುಡಿ, ಕಣ್ಣಲ್ಲಿ ನೀರು ಬಂತು. ಕೊನೆಗೆ ಆರು ವಾರ ಚಪಾತಿ ತಿಂದೆ. ಒಂದು ತುತ್ತೂ ನಿಲ್ಲಲಿಲ್ಲ, ಆದರೂ ಕೌಂಟ್ 40. ಗಂಟಲು ಆರಾಮಾಗಿದೆ ಅಂತ ಸ್ಕೋಪ್ ಬಿಟ್ಟಿದ್ದರೆ ಕಳ್ಳ ಸಿಗುತ್ತಲೇ ಇರಲಿಲ್ಲ. ಹೂಮಳೆ ಬಿದ್ದು ಕಾಫಿ ಅರಳುವ ದಿನಗಳಲ್ಲಿ ಮಾತ್ರ ನಾನು ಸ್ಕೋಪ್ ಮಾಡಿಸಲಿಲ್ಲ. ಪರಾಗಕ್ಕೂ ಕೆಲವರಿಗೆ ಕೌಂಟ್ ಏರುತ್ತೆ.

ಒಟ್ಟು ಒಂಬತ್ತೋ ಹತ್ತೋ ಸ್ಕೋಪ್, ಎಂಬತ್ತು ಸಾವಿರದ ಮೇಲೆ. ಅಡ್ಮಿಟ್ ಆಗಿಲ್ಲ ಅಂತ ಇನ್ಶೂರೆನ್ಸಿನವರು ಒಂದು ರೂಪಾಯಿ ಕೊಡಲಿಲ್ಲ. ಒಂದು ವರ್ಷದ ಕಾಳುಮೆಣಸಿನ ದುಡ್ಡು ಪೂರ್ತಿ ಇದಕ್ಕೇ ಹೋಯಿತು.

ಈಗ ರಾತ್ರಿಗೆ ಅಮ್ಮ ಅಕ್ಕಿಹಿಟ್ಟಿಗೆ ಇನ್ನೊಂದು ಹಿಟ್ಟು ಬೆರೆಸಿ ತೆಳ್ಳಗೆ ರೊಟ್ಟಿ ತಟ್ಟುತ್ತಾರೆ. ಮಾರನೇ ದಿನಕ್ಕೂ ಮೆತ್ತಗಿರುತ್ತೆ, ಅಪ್ಪನೂ ಅದನ್ನೇ ತಿನ್ನುತ್ತಾರೆ. ಆ ಹಿಟ್ಟು ಯಾವುದು ಅಂತ ಬರೆಯುವುದಿಲ್ಲ. ಪ್ಯಾಕೆಟ್ ಮಾಡಿ ಮಾರುವ ಯೋಚನೆ ಅಮ್ಮನಿಗಿದೆ.