ಸ್ಪೀಕರ್ ಕೇಬಲ್‌ಗೆ ಲಕ್ಷ ಸುರಿಯುವ ಮುಂಚೆ
ದುಬಾರಿ ಆಡಿಯೋ ಸೆಟ್ ಹಾಕಿಸುವ ದಾವಣಗೆರೆಯವರೇ, ಸ್ಪೀಕರ್ ಕೇಬಲ್‌ಗೆ ಲಕ್ಷಗಟ್ಟಲೆ ಕೊಡಬೇಡಿ. ಮಂಡಿಪೇಟೆ ಕಡೆ ಹೋದಾಗ 2.5 ಚದರ ಮಿ.ಮೀ. ಫ್ಲೆಕ್ಸಿಬಲ್ ತಾಮ್ರದ ವೈರ್ ತನ್ನಿ. 5 ಮೀಟರ್ ದೂರಕ್ಕೆ ಹೋಗಿ ಬರುವ ವೈರ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 0.08 ಓಮ್, 8 ಓಮ್ ಸ್ಪೀಕರ್‌ನ ನೂರನೇ ಒಂದು ಪಾಲು, ಕಿವಿಗೆ ಗೊತ್ತೇ ಆಗಲ್ಲ. ಎಳೆ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ.

ತುದಿ 10 ಮಿ.ಮೀ. ಸುಲಿದು ಬಿಗಿಯಾಗಿ ಹುರಿ ಮಾಡಿ. ಒಂದೆಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟೀತು. ಒಂದೇ ಸ್ಪೀಕರ್‌ನಲ್ಲಿ ಪ್ಲಸ್-ಮೈನಸ್ ಅದಲುಬದಲಾದರೆ ಬೇಸ್ (ತಗ್ಗಿನ ದನಿ) ಸೊರಗುತ್ತೆ, ಹಾಡುಗಾರರ ದನಿ ಎರಡು ಸ್ಪೀಕರ್‌ಗಳ ನಡುವಿನಿಂದ ಬಂದಂತೆ ಕೇಳಲ್ಲ.

ಉಳಿದ ದುಡ್ಡು ಕೋಣೆಗೆ ಹಾಕಿ. ಗ್ರಾನೈಟ್ ನೆಲ, ಬರಿ ಗೋಡೆ ಇದ್ದರೆ ಎಂಥ ಸ್ಪೀಕರೂ ಕಿರುಚುತ್ತೆ. ದಪ್ಪ ಪರದೆ ಕಟ್ಟಿ, ಸ್ಪೀಕರ್ ಮುಂದಿನ ನೆಲಕ್ಕೆ ಚಳ್ಳಕೆರೆ ಕಂಬಳಿ ಮಡಚಿ ಹಾಸಿ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಇಡಿ.